ಮೇಸ್ತ್ರಿಯ ಹೊಟ್ಟೆ ಊದಿದ ವರ್ಷ

ಶ್ರೀರಾಂಪುರದಲ್ಲಿ ಮುನಿಸ್ವಾಮಿ ಮೇಸ್ತ್ರಿ ಎಂದರೆ ಕುಡಿಯದ ಮೇಸ್ತ್ರಿ ಎಂದೇ ಹೆಸರು. ಮಲ್ಲೇಶ್ವರದ ದೊಡ್ಡ ಮನೆಗಳವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದುದೂ ಅದಕ್ಕೇ. ಹೆಂಚು ಇಳಿಸಿ ಮೋಲ್ಡ್ ಹಾಕುವುದಿರಲಿ, ಅಜ್ಜನ ಕಾಲದ ಗೋಡೆಗೆ ಗಿಲಾವು ಮಾಡುವುದಿರಲಿ, ಹೆಂಗಸರು ಒಬ್ಬರೇ ಇರುವ ಮನೆಯಲ್ಲೂ ಅವನ ಆಳುಗಳನ್ನು ಧೈರ್ಯವಾಗಿ ಒಳಗೆ ಬಿಡುತ್ತಿದ್ದರು. ಬಾಯಲ್ಲಿ ವಾಸನೆ ಬರುವ ಆಳು ಅವನ ಹತ್ತಿರ ಇರಲಿಲ್ಲ.

ಇರದ ಹಾಗೆ ನೋಡಿಕೊಳ್ಳಲು ಅವನಿಗೊಂದು ದಾರಿ ಇತ್ತು. ರೈಲು ಕಂಬಿಯ ಪಕ್ಕದಲ್ಲಿ ಮುನೇಶ್ವರನ ಗುಡಿ. ಹೊಸ ಆಳು ಸೇರಿದ ವಾರ, ಶನಿವಾರ ಸಂಜೆ ಬಟವಾಡೆ ಮುಗಿಸಿ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಕಲ್ಲಿನ ಮೇಲೆ ಕರ್ಪೂರ ಹಚ್ಚುತ್ತಿದ್ದ. ಉರಿಯುವ ಕರ್ಪೂರವನ್ನು ಅಂಗೈ ಬಡಿದು ಆರಿಸಿ, ಕುಡಿಯುವುದಿಲ್ಲ ಎಂದು ಆಣೆ ಇಡಬೇಕು. ಮೊದಲು ತಾನೇ ಆರಿಸಿ ತೋರಿಸುವನು. ಸುಳ್ಳಾಣೆ ಇಟ್ಟವನ ಹೊಟ್ಟೆ ವರ್ಷ ತಿರುಗುವುದರೊಳಗೆ ಊದುತ್ತದೆ ಎಂಬುದು ಅಲ್ಲಿಯ ಮಾತು. ಹಿರಿಯರು ಹೇಳಿದ್ದು. ಪರೀಕ್ಷೆ ಮಾಡಿ ನೋಡುವ ಗಂಡು ಯಾರೂ ಇರಲಿಲ್ಲ.

"ಒಬ್ಬ ಇದ್ದ" ಎಂದು ಮುನಿಸ್ವಾಮಿ ಹೇಳುತ್ತಿದ್ದ. "ನನ್ ತಮ್ಮನೇ. ನಂಜುಂಡ."

ಆಮೇಲೆ ಆ ಕಥೆ ಹೇಳುವನು.

ನಂಜುಂಡ ಅಣ್ಣನ ಕೈಕೆಳಗೇ ಕೆಲಸ ಕಲಿತವನು. ಅವನು ಗಿಲಾವು ಮಾಡಿದ ಗೋಡೆಯ ಮೇಲೆ ಕೈ ಆಡಿಸಿದರೆ ಗಾಜು ಸವರಿದ ಹಾಗೆ. ತೊಂಬತ್ತನಾಲ್ಕರಲ್ಲಿ ಅವನು ಬದಲಾದ. ಮಧ್ಯಾಹ್ನ ಆಯಿತೆಂದರೆ ಹಲಗೆಯ ಮೇಲೆ ಕೂತಲ್ಲೇ ತೂಕಡಿಸುವನು. ಮಾತು ತೊದಲುವನು. ಕರಣೆ ಹಿಡಿದ ಕೈ ನಡುಗುವುದು. ಒಂದು ದಿನ ವೈಯಾಲಿಕಾವಲ್‌ನ ಮನೆಯೊಂದರಲ್ಲಿ ಯಜಮಾನಿ ಏನೋ ಕೇಳಿದ್ದಕ್ಕೆ ಇನ್ನೇನೋ ಹೇಳಿ, ಸುಣ್ಣದ ಬಕೆಟ್ಟಿಗೆ ಕಾಲು ತಾಗಿಸಿಕೊಂಡು ಅಂಗಳದಲ್ಲಿ ಬಿದ್ದ. ಆಯಮ್ಮ ಮುನಿಸ್ವಾಮಿಯನ್ನು ಕರೆಸಿದಳು.

"ಏನಪ್ಪಾ, ನನ್ ಆಳುಗಳು ಮೂಸಿ ಕೂಡ ನೋಡಲ್ಲ ಅಂತಿದ್ದೆ. ನಿನ್ನ ತಮ್ಮನೇ ಹಿಂಗಾ?"

ಮುನಿಸ್ವಾಮಿಗೆ ನಡುಬೀದಿಯಲ್ಲಿ ಚಪ್ಪಲಿ ಏಟು ಬಿದ್ದ ಹಾಗಾಯಿತು. ಅವತ್ತೇ ಸಂಜೆ ಎಲ್ಲ ಆಳುಗಳ ಮುಂದೆ ತಮ್ಮನನ್ನು ರಟ್ಟೆ ಹಿಡಿದು ಗುಡಿಗೆ ಎಳೆದುಕೊಂಡು ಹೋದ.

"ಕುಡಿದಿದೀಯಾ ಇಲ್ವಾ?"

"ಇಲ್ಲಣ್ಣ. ಅವ್ವನಾಣೆ ಇಲ್ಲ. ಮೈಯಾಗೆ ಶಕ್ತಿ ಇಲ್ಲ, ಅಷ್ಟೇ. ತಲೆ ಗಿರ್ ಅಂತದೆ."

"ಆರ್ಸು ಹಂಗಾದ್ರೆ."

ನಂಜುಂಡ ಆರಿಸಿದ. ಕೈ ನಡುಗುತ್ತಿದ್ದುದರಿಂದ ಮೊದಲ ಏಟು ಕಲ್ಲಿಗೆ ಬಿತ್ತು, ಇನ್ನೊಮ್ಮೆ ಬಡಿಯಬೇಕಾಯಿತು. ಅದನ್ನೂ ಎಲ್ಲರೂ ನೋಡಿದರು. ದಸರಾ ಬರುವ ಹೊತ್ತಿಗೆ ಅವನ ಹೊಟ್ಟೆ ತುಂಬಿದ ಬಸುರಿಯ ಹೊಟ್ಟೆಯಂತೆ ಊದಿತು. ಕಣ್ಣು ಅರಿಶಿನ.

ಮುನೇಶ್ವರ ಬಿಡ್ತಾನಾ ಎಂದಿತು ಕೇರಿ. ಮುನಿಸ್ವಾಮಿಯೂ ಅದನ್ನೇ ಅಂದ. ತಮ್ಮನ ಟ್ರಂಕು ಹೊರಗೆ ಇಟ್ಟ. ನಂಜುಂಡನ ಹೆಂಡತಿ ರುದ್ರಾಣಿ, ಹತ್ತು ವರ್ಷದ ಮಗಳು ಬಿಂದುವಿನ ಕೈ ಹಿಡಿದು ಹೊಸಿಲಾಚೆ ನಿಂತು ಕೇಳಿದಳು: "ಭಾವ, ಅವರ ಪಕ್ಕ ಮಲಗೋಳು ನಾನು. ವಾಸನೆ ಬಂದಿದ್ರೆ ನನಗೆ ಬರ್ಬೇಕಿತ್ತು. ನನ್ನ ಒಂದ್ ಮಾತು ಕೇಳಿದ್ರಾ?"

"ಕುಡುಕನ ಹೆಂಡ್ತಿ ಇನ್ನೇನ್ ಹೇಳ್ತಾಳೆ" ಅಂದ ಅವನು.

ನಂಜುಂಡ ಚಾಮರಾಜಪೇಟೆಯಲ್ಲಿ ಅತ್ತೆಯ ಮನೆಯಲ್ಲಿ ಸತ್ತ. ಅಣ್ಣ ಹೆಗಲು ಕೊಡಲಿಲ್ಲ. ಹಾಲು ತುಪ್ಪ ಬಿಡಲೂ ಹೋಗಲಿಲ್ಲ. ಆದರೆ ಆ ಸಾವನ್ನು ಮಾತ್ರ ಕೈಬಿಡಲಿಲ್ಲ. ಅಲ್ಲಿಂದ ಮುಂದೆ ಹೊಸ ಆಳು ಬಂದಾಗಲೆಲ್ಲ ಅದೇ ಕಥೆ. ಹೆಸರು ಹಿಡಿದು ಹೇಳುವನು. ಹೊಟ್ಟೆ ಎಷ್ಟು ಊದಿತ್ತೆಂದು ಎರಡು ಕೈಯಲ್ಲಿ ಅಳತೆ ತೋರಿಸುವನು. ಕಲ್ಲಿಗೆ ಬಿದ್ದ ಆ ಮೊದಲ ಏಟನ್ನು ನಟಿಸಿ ತೋರಿಸುವನು. ಹುಡುಗರು ನಗುತ್ತಿದ್ದರು, ನಕ್ಕು ಹೆದರುತ್ತಿದ್ದರು.

"ಸತ್ತೋರ ಹೆಸರು ಎಷ್ಟ್ ಸಲ ತೆಗೀತೀರಾ?" ಎಂದು ಹೆಂಡತಿ ಚಿಕ್ಕಮುನಿಯಮ್ಮ ಒಮ್ಮೆ ಕೇಳಿದ್ದಳು.

"ಸತ್ತೋನಿಂದ ನಾಲ್ಕು ಜನ ಬದುಕ್ಲಿ ಬಿಡು."

ಅವಳೂ ನಂಬಿದ್ದಳು. ಇವರಿಗೆ ಮಕ್ಕಳಿಲ್ಲ. ಬಿಂದುವಿಗೆ ಜಡೆ ಹಾಕುತ್ತಿದ್ದ ಕೈ ಅವಳದು. ಆದರೂ ಚಾಮರಾಜಪೇಟೆಯ ಕಡೆ ಅವಳೂ ಹೋಗಲಿಲ್ಲ.

ಎರಡು ಸಾವಿರದ ಮೂರರ ಸಂಕ್ರಾಂತಿ ಕಳೆದ ಮೇಲೆ ಮುನಿಸ್ವಾಮಿಗೆ ಬಲ ಪಕ್ಕೆಯ ಕೆಳಗೆ ಒಂದು ನೋವು ಶುರುವಾಯಿತು. ಮುದ್ದೆ ಕಂಡರೆ ವಾಕರಿಕೆ. ಕೈಕಾಲು ಸೌದೆ ಕಡ್ಡಿಯಾದವು, ಹೊಟ್ಟೆ ಮಾತ್ರ ಗುಡಾಣವಾಯಿತು. ಅವನು ಅಂಗಿಯನ್ನು ಪಂಚೆಯಿಂದ ಹೊರಗೆ ಬಿಟ್ಟ. ದೊಗಲೆ ಅಂಗಿ ಹೊಲಿಸಿದ. ಸಿಮೆಂಟ್ ಮೂಟೆಗಳ ಹಿಂದೆ ನಿಂತು ಆಳುಗಳಿಗೆ ಕೂಗಿ ಹೇಳುವನು, ಮುಂದೆ ಬರುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಬೇಡ. ಯಾರೋ ಕೊಟ್ಟ ಕಾಮಾಲೆ ಸೊಪ್ಪನ್ನು ಮಜ್ಜಿಗೆಯಲ್ಲಿ ಅರೆದು ಕುಡಿದ. ಅವನ ಹೆದರಿಕೆ ಸಾವಿನದಲ್ಲ. ಆ ಹೊಟ್ಟೆಯ ಅರ್ಥ ಏನೆಂದು ಇಡೀ ಶ್ರೀರಾಂಪುರಕ್ಕೆ ಹೇಳಿಕೊಟ್ಟವನು ಅವನೇ.

ಒಂದು ಬೆಳಿಗ್ಗೆ ಟೀ ಅಂಗಡಿಯ ಹಿಂದೆ ನಿಂತು ಅವನೇ ಕೇಳಿಸಿಕೊಂಡ. ಮಾತಾಡುತ್ತಿದ್ದವರು ಅವನ ಹುಡುಗರೇ.

"ಮೇಸ್ತ್ರಿ ಹೊಟ್ಟೆ ನೋಡ್ದೇನೋ ಮಗಾ?"

"ನೋಡ್ದೆ ಗುರು. ಸಂಜೆ ಆಣೆ, ಮಲಗೋ ಹೊತ್ತಿಗೆ ಕ್ವಾಟ್ರು."

"ಅಣ್ತಮ್ಮಂದಿರು ಒಂದೇ ಅಳತೆ ಬಿಡು."

ಅವನು ಟೀ ಕುಡಿಯದೆ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಆವತ್ತು ಚಿಕ್ಕಮುನಿಯಮ್ಮ ಕೇಳಲಿಲ್ಲ. ಆಟೋ ತಂದು ನಿಲ್ಲಿಸಿ, "ಹತ್ತಿ" ಅಂದಳು.

ಮಲ್ಲೇಶ್ವರದ ರಾಮಾನುಜ ಡಾಕ್ಟರು ಗೊತ್ತಿದ್ದವರು. ಅವರ ಮನೆಯ ತಾರಸಿ ಹಾಕಿದ್ದೇ ಮುನಿಸ್ವಾಮಿ. ಮುಟ್ಟಿ ನೋಡಿ ರಕ್ತ ಪರೀಕ್ಷೆಗೆ ಬರೆದರು, ಸ್ಕ್ಯಾನ್‌ಗೆ ಕಳಿಸಿದರು. ಎಲ್ಲ ಬಂದ ಮೇಲೆ ಗಂಡಹೆಂಡಿರನ್ನು ಕೂರಿಸಿ ಬಾಗಿಲು ಹಾಕಿದರು.

"ಮೇಸ್ತ್ರಿಗಳೇ, ಲಿವರ್‌ನಲ್ಲಿ ಗಡ್ಡೆ ಇದೆ. ಕ್ಯಾನ್ಸರ್."

ಬದುಕುತ್ತೀನಾ ಎಂದು ಅವನು ಕೇಳಲಿಲ್ಲ. "ಸ್ವಾಮಿ, ನಾನು ಕುಡಿದೋನಲ್ಲ. ನೀವಾದ್ರೂ ನಂಬಿ" ಅಂದ.

"ಕುಡಿದ್ರಿ ಅಂತ ಯಾರ್ರೀ ಹೇಳಿದ್ದು? ಕುಡಿಯೋರಿಗೂ ಬರುತ್ತೆ, ಕುಡಿಯದೋರಿಗೂ ಬರುತ್ತೆ. ನಿಮ್ಮ ರಕ್ತದಲ್ಲಿ ಒಂದು ವೈರಸ್ ಇದೆ. ಹೆಪಟೈಟಿಸ್ ಬಿ ಅಂತ. ಕೂಸಾಗಿದ್ದಾಗಲೇ ಬಂದು ಕೂತಿರ್ಬೇಕು."

"ಇಷ್ಟು ವರ್ಷ ಸುಮ್ನಿದ್ದು ಈಗ್ಯಾಕೆ ಸ್ವಾಮಿ?"

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಾನು ಇನ್ನೊಂದು ಮಹಡಿ ಹಾಕ್ಸ್ತೀನಿ ಅಂದಾಗ ನೀವೇನಂದ್ರಿ?"

"ಪಾಯ ತಡೆಯಲ್ಲ, ಇಲ್ಲಿಗೆ ನಿಲ್ಸಿ ಅಂದೆ."

"ಮೈಯೊಳಗೂ ಹಾಗೆ ನಿಲ್ಲಿಸೋ ಏರ್ಪಾಡು ಇದೆ. ಲಿವರ್‌ನ ಅರ್ಧ ಕತ್ತರಿಸಿ ತೆಗೆದ್ರೂ ಮತ್ತೆ ಬೆಳ್ಕೊಳ್ಳುತ್ತೆ. ಮೊದಲಿನಷ್ಟಾದ ಕೂಡಲೇ ನಿಲ್ಲುತ್ತೆ. ಯಾರೂ ಹೇಳ್ಬೇಕಾಗಿಲ್ಲ. ಒಳಗಿರೋ ಒಂದೊಂದು ಜೀವಕೋಶಕ್ಕೂ ಯಾವಾಗ ಬೆಳೀಬೇಕು, ಯಾವಾಗ ನಿಲ್ಲಬೇಕು ಅಂತ ಬರೆದಿಟ್ಟಿರುತ್ತೆ. ಆ ಬರಹದಲ್ಲಿ ತಪ್ಪಾದ್ರೆ ಕೋಶ ಕೆಲಸ ನಿಲ್ಲಿಸಿ ರಿಪೇರಿ ಮಾಡ್ಕೊಳ್ಳುತ್ತೆ. ರಿಪೇರಿ ಆಗೋ ಹಾಗಿಲ್ಲ ಅಂದ್ರೆ ತಾನೇ ಸಾಯುತ್ತೆ."

"ತಾನೇ ಸಾಯ್ತದಾ?"

"ತಾನೇ. ಪಕ್ಕದೋರಿಗೆ ತೊಂದ್ರೆ ಬೇಡ ಅಂತ. ನಿಮ್ಮಲ್ಲಿ ಆಗಿದ್ದೇನು ಅಂದ್ರೆ, ವೈರಸ್‌ನ ಓಡಿಸೋಕೆ ಮೈಯ ಕಾವಲುಗಾರರು ವರ್ಷಗಟ್ಟಲೆ ಹೊಡೆದಾಡಿದ್ರು. ಅದು ಕೂತಿರೋದು ಲಿವರ್‌ನ ಕೋಶದೊಳಗೆ. ಹೊಡೆದಾಟದಲ್ಲಿ ಕೋಶ ಸಾಯುತ್ತೆ, ಆ ಜಾಗಕ್ಕೆ ಹೊಸದು ಹುಟ್ಟುತ್ತೆ. ಒಂದೇ ಗೋಡೇನ ಜೀವನ ಪೂರ್ತಿ ಒಡೆದು ಒಡೆದು ಕಟ್ಟಿದ್ರೆ?"

"ಯಾವತ್ತಾದ್ರೂ ಒಂದಿನ ಸೊಟ್ಟ ಏಳ್ತದೆ."

"ಅದೇ. ಸಾಲದ್ದಕ್ಕೆ ವೈರಸ್ಸು ತನ್ನ ಬರಹಾನೂ ನಡುವೆ ತುರುಕಿಬಿಡುತ್ತೆ. ಕೊನೆಗೆ ಒಂದು ಕೋಶದಲ್ಲಿ, ನಿಲ್ಲು ಅನ್ನೋ ಅಪ್ಪಣೆ ಅಳಿಸಿಹೋಗುತ್ತೆ. ಕೆಟ್ಟಿದ್ರೆ ಸಾಯಿ ಅನ್ನೋ ಅಪ್ಪಣೇನೂ ಹೋಗುತ್ತೆ. ಬೆಳಿ ಅನ್ನೋದು ಮಾತ್ರ ಉಳಿಯುತ್ತೆ. ಆಮೇಲೆ ಅದು ಎರಡಾಗುತ್ತೆ, ನಾಲ್ಕಾಗುತ್ತೆ."

"ಪ್ಲಾನಿಲ್ದೆ ಮಹಡಿ ಮೇಲೆ ಮಹಡಿ ಏರ್ಸಿದಂಗೆ. ನೋಟೀಸ್ ಕೊಡೋರು ಯಾರೂ ಬರಲ್ವಾ ಸ್ವಾಮಿ?"

"ಕಾವಲುಗಾರರು ಬರ್ತಾರೆ. ಅವರಿಗೆ ಅದು, ನಾನೂ ಈ ಮನೆಯೋನೇ ಅನ್ನೋ ಹಾಗೆ ಮುಖ ತೋರ್ಸುತ್ತೆ. ಸುಮ್ನೆ ಹೋಗಿ ಅಂತ ಸನ್ನೆ ಮಾಡುತ್ತೆ. ಅವರು ವಾಪಸ್ ಹೋಗ್ತಾರೆ. ಊಟಕ್ಕೆ ಬೇಕಲ್ಲ, ಹೊಸ ರಕ್ತನಾಳ ಎಳ್ಕೊಳ್ಳುತ್ತೆ."

"ಬೀದಿ ನಲ್ಲಿಗೆ ಕಳ್ಳ ಪೈಪು."

"ಹಾಗೇ." ಡಾಕ್ಟರು ನಗಲಿಲ್ಲ. "ನಿಮ್ಮದು ತುಂಬಾ ಹರಡಿದೆ ಮೇಸ್ತ್ರಿಗಳೇ. ತೆಗೆಯೋ ಹಾಗಿಲ್ಲ. ನೋವಿಗೆ ಕೊಡ್ತೀನಿ, ಹೊಟ್ಟೇಲಿ ತುಂಬಿರೋ ನೀರು ಇಳಿಸ್ತೀನಿ." ಆಮೇಲೆ ಕೇಳಿದರು: "ಇದು ಹೆಚ್ಚಾಗಿ ಹೆರಿಗೆ ಹೊತ್ತಲ್ಲಿ ತಾಯಿಯಿಂದ ಕೂಸಿಗೆ ಬರೋದು. ತಾಯಿಗೇನಾಗಿತ್ತು?"

"ಅವ್ವನಾ? ಕಾವೇರಮ್ಮ ಅಂತ. ಅವಳೂ ಹೊಟ್ಟೆ ಊದೇ ಸತ್ಲು. ಯಾರೋ ಮಾಟ ಮಾಡ್ಸಿದಾರೆ ಅಂದ್ರು."

"ಅಣ್ಣತಮ್ಮ ಯಾರಾದ್ರೂ ಇದಾರಾ?"

ಮುನಿಸ್ವಾಮಿ ಕಿಟಕಿಯ ಕಡೆ ತಿರುಗಿದ. ಚಿಕ್ಕಮುನಿಯಮ್ಮನೇ ಹೇಳಿದಳು. ಒಬ್ಬ ಇದ್ದ, ಹೀಗೇ ಹೋದ, ಹೊಟ್ಟೆ ಊದುವ ಮೊದಲು ತೂಕಡಿಸುತ್ತಿದ್ದ, ತೊದಲುತ್ತಿದ್ದ, ಕೈ ನಡುಗುತ್ತಿತ್ತು.

"ಲಿವರ್ ಕೆಟ್ಟಾಗ ಮೈಯ ವಿಷ ತಲೆಗೇರುತ್ತಮ್ಮ. ಹಗಲು ನಿದ್ದೆ, ತೊದಲು, ನಡುಕ. ನೋಡಿದೋರು ಕುಡಿದಿದಾನೆ ಅಂದ್ಕೊಳ್ತಾರೆ ಪಾಪ. ಅವನ ಹೆಂಡ್ತಿ ಮಕ್ಕಳು ಇದ್ರೆ ರಕ್ತ ಪರೀಕ್ಷೆ ಮಾಡ್ಸಿ. ಗಂಡನಿಂದ ಹೆಂಡ್ತಿಗೂ ಬರುತ್ತೆ, ನೀವೂ ಮಾಡ್ಸಿ. ಬಂದಿಲ್ಲ ಅಂದ್ರೆ ತಡೆಯೋಕೆ ಇಂಜೆಕ್ಷನ್ ಇದೆ. ಬಂದಿದ್ರೆ ಈಗ್ಲೇ ಗೊತ್ತಾಗ್ಬೇಕು. ತಡ ಮಾಡ್ಬೇಡಿ."

ಹೊರಗೆ ಬಂದು ಮುನಿಸ್ವಾಮಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತ. ತಾನು ಕುಡುಕನಲ್ಲ ಎಂದು ಓದಿದ ಡಾಕ್ಟರೇ ಹೇಳಿದ್ದರು. ಅದೇ ಮಾತಿನಲ್ಲಿ ತಮ್ಮನೂ ಕುಡುಕನಲ್ಲ ಎಂದಾಗಿತ್ತು. ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಡುವ ಹಾಗಿರಲಿಲ್ಲ.

"ನೀನೇ ಹೋಗಿ ರುದ್ರಾಣಿಗೆ ಹೇಳ್ಬಾ" ಅಂದ.

"ಊರಿಗೆಲ್ಲ ಕಥೆ ಹೇಳಿದೋರು ನೀವು" ಅಂದಳು ಚಿಕ್ಕಮುನಿಯಮ್ಮ. "ನೀವೇ ಬನ್ನಿ."

ಮರುದಿನ ಚಾಮರಾಜಪೇಟೆಗೆ ಹೋದರು. ರುದ್ರಾಣಿ ಒಂದೇ ಕೋಣೆಯ ಮನೆಯ ನೆಲದಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಮೊಣಕೈವರೆಗೆ ಕಪ್ಪು. ಬಿಂದು ಬೆಳೆದ ಹುಡುಗಿ, ಬತ್ತಿಗಳನ್ನು ಕಿಟಕಿಯ ಬಿಸಿಲಿಗೆ ಹರಡುತ್ತಿದ್ದಳು. ರುದ್ರಾಣಿ ಭಾವನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಬನ್ನಿ ಅಕ್ಕ" ಎಂದು ಚಿಕ್ಕಮುನಿಯಮ್ಮನಿಗೆ ಚಾಪೆ ತಳ್ಳಿದಳು. ಆಮೇಲೆ, "ಏನ್ ಭಾವ, ಮುನೇಶ್ವರ ನಿಮ್ಮನೆಗೂ ಬಂದ್ನಾ?"

ಅವನು ನಿಂತೇ ಇದ್ದ. "ನಂಜುಂಡ ಕುಡೀತಿರ್ಲಿಲ್ಲ ಕಣಮ್ಮ."

"ನನಗ್ ಗೊತ್ತು. ನಿಮಗೆ ಯಾವತ್ತು ಗೊತ್ತಾಯ್ತು?"

"ನಿನ್ನೆ."

"ನಿನ್ನೆ" ಎಂದಳು ರುದ್ರಾಣಿ. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ.

ಅವನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ವೈರಸ್ಸು, ಅವ್ವ, ನಿಲ್ಲು ಎಂದರೂ ನಿಲ್ಲದೆ ಬೆಳೆಯುವ ಗಡ್ಡೆ. ರಕ್ತ ಪರೀಕ್ಷೆಯ ಮಾತು ಬಂದಾಗ ಅವಳು ಬತ್ತಿ ಹೊಸೆಯುವ ಮಣೆ ಪಕ್ಕಕ್ಕೆ ಸರಿಸಿದಳು.

"ಬಿಂದೂನ ನೋಡೋಕೆ ಬಂದೋರು ಎರಡು ಸಲ ಕಾಫಿ ಕುಡಿದು ಎದ್ದೋದ್ರು. ಸುಳ್ಳಾಣೆ ಇಟ್ಟೋನ ಮನೆ ಹೆಣ್ಣು ಬೇಡ ಅಂತ. ಶ್ರೀರಾಂಪುರದ ಕಥೆ ಚಾಮರಾಜಪೇಟೆಗೆ ಹೆಂಗ್ ಬಂತು ಭಾವ? ಬಸ್ ಹತ್ಕೊಂಡ್ ಬಂತಾ?"

ಅವನು ನೆಲ ನೋಡಿದ.

"ನಮ್ ಮರ್ಯಾದೆ ಕಿತ್ಕೊಂಡ್ರಿ. ಈಗ ರಕ್ತಾನೂ ಕೊಡ್ಬೇಕಾ?"

"ನನಗಲ್ಲ ತಾಯಿ. ಮಗೂಗೆ. ತಡೆಯೋಕಾಗ್ತದಂತೆ. ತಡ ಮಾಡ್ಬಾರ್ದಂತೆ."

"ಇಲ್ಲಿ ನನ್ ಮುಂದೆ ಪಿಸುಗುಟ್ಟಿದ್ದನ್ನ ನಾನೇನ್ ಮಾಡ್ಲಿ? ನೀವು ಒಂದ್ಸಲ ನನ್ನ ಗಂಡನ್ನ ಕುಡುಕ ಅಂದ್ರಿ, ನಂಬಿದೋರು ಊರು ತುಂಬ. ಇವತ್ತು ಕಾಯಿಲೆ ಅಂತೀರಾ. ನಾನು ಯಾವುದು ನಂಬ್ಲಿ? ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ಹೇಳಿ. ಅವತ್ತು ನಗಾಡ್ದೋರ ಮುಂದೆ. ಆಮೇಲೆ ಎಲ್ಲಿಗ್ ಕರೀತೀರೋ ಅಲ್ಲಿಗೆ ಬರ್ತೀವಿ."

ಶನಿವಾರದವರೆಗೆ ಮುನಿಸ್ವಾಮಿ ಸರಿಯಾಗಿ ಉಣ್ಣಲಿಲ್ಲ. ಆ ಸಂಜೆ ಗುಡಿಗೆ ಹೊರಡಲು ಎರಡು ಸಲ ಬಟ್ಟೆ ಹಾಕಿಕೊಂಡು ಎರಡು ಸಲ ಬಿಚ್ಚಿದ. ಮೂರನೆಯ ಸಲ ಚಿಕ್ಕಮುನಿಯಮ್ಮ ಆ ದೊಗಲೆ ಅಂಗಿ ತಂದುಕೊಟ್ಟಳು. ಅವನು ಬೇಡ ಎಂದು ಹಳೆಯ ಅಂಗಿಯನ್ನೇ ಹಾಕಿಕೊಂಡ. ಅದರ ಕೆಳಗಿನ ಗುಂಡಿ ಹಾಕಲಾಗಲಿಲ್ಲ.

ಗುಡಿಯ ಮುಂದೆ ಆಳುಗಳು ಸೇರಿದ್ದರು. ಸೆಂಟ್ರಿಂಗ್ ಕೆಲಸದ ಶೀನಣ್ಣ ಇದ್ದ, ಅವನು ಎಲ್ಲರಿಗಿಂತ ಹಳಬ. ಬೀದಿಯ ಆಚೆ ನಲ್ಲಿಯ ಹತ್ತಿರ ರುದ್ರಾಣಿ ಮಗಳನ್ನು ಪಕ್ಕದಲ್ಲಿಟ್ಟುಕೊಂಡು ನಿಂತಿದ್ದಳು. ಹತ್ತಿರ ಬರಲಿಲ್ಲ.

ಮುನಿಸ್ವಾಮಿ ಕಂಬ ಹಿಡಿದುಕೊಂಡು ನಿಂತ. "ನಂಜುಂಡ ಕುಡಿದಿರ್ಲಿಲ್ಲ" ಅಂದ. ದನಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ. "ನಂಜುಂಡ ಕುಡಿದಿರ್ಲಿಲ್ಲ. ಅವನಿಟ್ಟ ಆಣೆ ಸತ್ಯ. ನಾನು ಇಷ್ಟು ವರ್ಷ ಹೇಳಿದ್ದು ಸುಳ್ಳು. ಅದು ಕಾಯಿಲೆ. ನಮ್ಮವ್ವನಿಂದ ಬಂದಿದ್ದು. ನನಗೂ ಅದೇ ಐತೆ."

ರೈಲೊಂದು ಹೋಯಿತು. ಅದು ಹೋದ ಮೇಲೆ ಹಿಂದಿನಿಂದ ಒಬ್ಬ, "ಹಂಗಂದ್ರೆ ನಿಮ್ದೂ ಎಣ್ಣೆ ಅಲ್ಲ ಅನ್ನಿ ಮೇಸ್ತ್ರಿ" ಅಂದ. ನಗು ಬಂತು. "ತನ್ ಹೊಟ್ಟೆ ಮುಚ್ಕೊಳ್ಳೋಕೆ ಸತ್ತ ತಮ್ಮನ್ನ ಹೊದ್ಕೊಂತಾವ್ನೆ" ಎಂದ ಇನ್ನೊಬ್ಬ.

ಶೀನಣ್ಣನಿಗೆ ಅದು ಸರಿ ಕಾಣಲಿಲ್ಲ. ಅವನು ಒಳ್ಳೆಯ ಮನಸ್ಸಿನಿಂದಲೇ ಕಲ್ಲಿನ ಮೇಲೆ ಕರ್ಪೂರ ಇಟ್ಟು ಕಡ್ಡಿ ಗೀರಿದ. "ಮಾತ್ಯಾಕೆ ಮೇಸ್ತ್ರಿ? ಆರ್ಸ್ಬಿಡಿ. ಬಾಯಿ ಮುಚ್ಕೊಂತಾರೆ."

ಮುನಿಸ್ವಾಮಿ ಕೈ ಮುಂದೆ ಮಾಡಿದ. ಅಂಗೈ ನಡುಗುತ್ತಿತ್ತು. ಮೊದಲ ಏಟು ಕಲ್ಲಿಗೇ ಬೀಳುವ ಹಾಗಿತ್ತು. ಅವನು ಆ ಕೈಯನ್ನೇ ನೋಡಿದ. ಇದೇ ನಡುಕವನ್ನು ಎಷ್ಟು ಸಲ ನಟಿಸಿ ತೋರಿಸಿ ಜನರನ್ನು ನಗಿಸಿದ್ದ! ಕೈ ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡ ಶೀನಣ್ಣ. ಅವನು ಆರ್ಸ್ದಾಗ ನಾನು ನಂಬ್ಲಿಲ್ಲ. ಇವತ್ತು ನಾನ್ ಆರ್ಸಿದ್ರೆ ಇವರ್ಯಾಕೆ ನಂಬ್ಬೇಕು? ನನ್ನ ಕುಡುಕ ಅಂತ್ಲೇ ಇಟ್ಕೊಳ್ಳಿ. ನಾನು ಬ್ಯಾಡ ಅನ್ನಲ್ಲ. ಸತ್ ಮೇಲೂ ಹಂಗೇ ಅನ್ನಿ. ಆದ್ರೆ ಅವನ್ನ ಅನ್ಬೇಡಿ. ಅವನು ಮೈಯಾಗೆ ಶಕ್ತಿ ಇಲ್ಲ ಅಂದ. ಅಷ್ಟೇ ಅಂದಿದ್ದು ಅವನು."

ಕರ್ಪೂರ ತಾನಾಗಿ ಉರಿದು ಮುಗಿಯಿತು. ಹುಡುಗರು ಒಬ್ಬೊಬ್ಬರೇ ಹೋದರು. ಕೆಲವರು ನಂಬಿದರು. ಬಹಳ ಜನ, ಮೇಸ್ತ್ರಿ ಒಪ್ಪಿಕೊಂಡುಬಿಟ್ಟ, ಅವನೇ ಕುಡುಕನಂತೆ ಎಂದು ಟೀ ಅಂಗಡಿಯಲ್ಲಿ ಹೇಳಿದರು. ಚಿಕ್ಕಮುನಿಯಮ್ಮ ಮಾರನೆಯ ದಿನ ನೀರಿಗೆ ಹೋದಾಗ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಅವಳು ತಲೆ ತಗ್ಗಿಸಿ ನೀರು ಹಿಡಿದು ಬಂದಳು. ಗಂಡನಿಗೆ ಹೇಳಲಿಲ್ಲ. ರುದ್ರಾಣಿಯನ್ನು ಎಷ್ಟು ವರ್ಷ ಹೀಗೆ ದೂರ ಇಟ್ಟಿದ್ದರು ಎಂದು ಅವಳಿಗೆ ಆಗ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ರುದ್ರಾಣಿ ಮಗಳನ್ನು ಕರೆದುಕೊಂಡು ಡಾಕ್ಟರ ಬಾಗಿಲಿಗೆ ಬಂದಳು. ಮೂವರು ಹೆಂಗಸರೂ ರಕ್ತ ಕೊಟ್ಟರು.

ಫಲ ಬಂದ ದಿನ ಮುನಿಸ್ವಾಮಿಯೂ ಹೋಗಿದ್ದ. ಬರಬೇಡಿ ಎಂದರೂ ಕೇಳದೆ ಬಂದು ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಚಿಕ್ಕಮುನಿಯಮ್ಮನಿಗೆ ಏನೂ ಇರಲಿಲ್ಲ. ಬಿಂದುವಿಗೂ ಇರಲಿಲ್ಲ. ಇಬ್ಬರಿಗೂ ಅಲ್ಲೇ ಮೊದಲನೆಯ ಇಂಜೆಕ್ಷನ್ ಹಾಕಿದರು. ಹುಡುಗಿ ತೋಳು ಒತ್ತಿ ಹಿಡಿದುಕೊಂಡು ಹೊರಗೆ ಬಂದಾಗ ಮುನಿಸ್ವಾಮಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ.

ರುದ್ರಾಣಿ ಕೊನೆಗೆ ಬಂದಳು. ಬಂದು ಭಾವನ ಎದುರಿಗೆ ನಿಂತಳು.

"ನನಗೈತಂತೆ" ಎಂದಳು. "ಗಡ್ಡೆ ಇಲ್ಲವಂತೆ. ಆರಾರು ತಿಂಗಳಿಗೆ ತೋರಿಸ್ಕೋಬೇಕಂತೆ. ಈಗ ನನ್ನನ್ನೂ ಕುಡುಕಿ ಅಂತೀರಾ ಭಾವ?"

ಅವನು ಬೆಂಚಿಗೆ ಕೈ ಊರಿದ. ಏಳಲು ಹೋಗಿ ಬೆಂಚಿನ ಅಂಚಿಗೆ ವಾಲಿದ.

"ಹಿಡ್ಕೊಳೇ, ನಿಮ್ ದೊಡ್ಡಪ್ಪ ಬಿದ್ದಾರು" ಎಂದಳು ರುದ್ರಾಣಿ ಮಗಳಿಗೆ. ತಾನು ಹಿಡಿಯಲಿಲ್ಲ.

ಬಿಂದು ಹಿಡಿದುಕೊಂಡಳು. ಇಂಜೆಕ್ಷನ್ ಹಾಕಿಸಿಕೊಳ್ಳದ ತೋಳಿನಿಂದ ಅವನನ್ನು ಬಳಸಿ ಆಟೋದವರೆಗೆ ನಡೆಸಿದಳು. ಅವನು ದಾರಿಯುದ್ದಕ್ಕೂ ಅವಳ ಚಪ್ಪಲಿಯನ್ನೇ ನೋಡುತ್ತಾ ನಡೆದ. ಆಷಾಢ ಕಳೆಯುವ ಮೊದಲೇ ತೀರಿಹೋದ. ಅಲ್ಲಿಯವರೆಗೆ ಅವನು ಯಾರ ಮುಖವನ್ನೂ ನೇರ ನೋಡಿದ್ದನ್ನು ಚಿಕ್ಕಮುನಿಯಮ್ಮ ಕಾಣಲಿಲ್ಲ, ಹೆಂಡತಿಯಾದ ತನ್ನ ಮುಖವನ್ನೂ.